ಮಾಲು ಹೇರುವ ಕಟ್ಟೆಯ ಹುಲ್ಲು

ಪ್ಯಾಂಟಿನ ಮಡಿಕೆಯಲ್ಲಿ ಇನ್ನೂ ಒಂದು ಉಳಿದಿತ್ತು. ಒಗೆದು, ಒಣಗಿಸಿ, ಇಸ್ತ್ರಿ ಮಾಡಿದರೂ ಹೊಲಿಗೆಯ ಸಂದಿಗೆ ಕಚ್ಚಿಕೊಂಡು ಕೂತಿದ್ದ ಹುಲ್ಲಿನ ಬೀಜ. ಜೀರಿಗೆಯಷ್ಟು ಗಾತ್ರ, ತುದಿಯಲ್ಲಿ ಕೂದಲಿನಂಥ ಮುಳ್ಳು. ಲೆಕ್ಕಪರಿಶೋಧಕ ಮಂಚದ ಅಂಚಿನಲ್ಲಿ ಕೂತು, ಒಂದು ಕಾಲನ್ನು ಪ್ಯಾಂಟಿಗೆ ತೂರಿಸಿ ಇನ್ನೊಂದನ್ನು ಹೊರಗೇ ಬಿಟ್ಟುಕೊಂಡು ಅದನ್ನು ನೋಡಿದ. ಕಿತ್ತು ಬಿಸಾಡಲು ಎರಡು ಬೆರಳು ಸಾಕು. ಕೀಳಲಿಲ್ಲ. ಹೊತ್ತಾಯಿತು ಎಂದುಕೊಂಡ, ಹೊತ್ತೇನೂ ಆಗಿರಲಿಲ್ಲ. ಮೂರು ವಾರದ ಹಿಂದೆ ಒಂದು ಸಂಜೆ ಹೆಂಡತಿ ಇದೇ ಪ್ಯಾಂಟನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಬೀಜ ಹೆಕ್ಕುತ್ತ, "ಇದೇನು, ಲೆಕ್ಕ ನೋಡೋಕೆ ಹೋಗಿದ್ರೋ ದನ ಕಾಯೋಕೆ ಹೋಗಿದ್ರೋ?" ಎಂದಿದ್ದಳು. ಹಾಸಿಗೆ ಕಾರ್ಖಾನೆಗೆ ಎಂದಿದ್ದ. "ಕಾರ್ಖಾನೇಲಿ ಹುಲ್ಲು ಬೆಳೀತಾರಾ? ಹಾಸಿಗೆಗೆ ತುಂಬೋಕಾ?" ಇಬ್ಬರೂ ನಕ್ಕಿದ್ದರು. ಅವನ ನಗು ಅವಳದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಡೆದಿತ್ತು. ಆಮೇಲೆ ಅವಳು ಬೀಜಗಳನ್ನು ಹಳೆಯ ಪೇಪರಿನಲ್ಲಿ ಮಡಿಸಿ ಕಸದ ಬುಟ್ಟಿಗೆ ಹಾಕಿದ್ದಳು, ಅವನು ವರದಿಯ ಕರಡು ಬರೆಯಲು ಕೂತಿದ್ದ.

ಕಾರ್ಖಾನೆಯ ಹಿಂಭಾಗದಲ್ಲಿ ಲಾರಿಗೆ ಮಾಲು ಹೇರುವ ಸಿಮೆಂಟಿನ ಕಟ್ಟೆಯಿದೆ. ಆವತ್ತು ಬಿಸಿಲು ಜೋರಾಗಿತ್ತು. ಕಟ್ಟೆಯ ಮೇಲಿನ ತಗಡು ಒಂದಿಷ್ಟು ನೆರಳು ಚೆಲ್ಲಿತ್ತು. ಅದಕ್ಕೇ ಅವನು ಕಾರನ್ನು ಮುಂಬಾಗಿಲಲ್ಲಿ ಬಿಡದೆ ಹಿಂದಕ್ಕೆ ತಂದು ಅಲ್ಲಿ ನಿಲ್ಲಿಸಿದ್ದ. ಬಾಗಿಲು ತೆಗೆದು ಇಟ್ಟ ಕಾಲು ಹುಲ್ಲಿನೊಳಗೆ ಇಳಿಯಿತು. ಮೊಣಕಾಲೆತ್ತರದ ಹುಲ್ಲು, ಬೆಳೆದು, ತೆನೆಬಿಟ್ಟು, ಒಣಗಿ ನಿಂತದ್ದು. ಲಾರಿಗಳು ಹಿಮ್ಮುಖವಾಗಿ ಬಂದು ಕಟ್ಟೆಗೆ ಬೆನ್ನು ಹಚ್ಚಬೇಕಾದ ಜಾಗದಲ್ಲಿ, ಕಟ್ಟೆಯ ಬುಡದವರೆಗೂ ಒಂದೇ ಸಮ. ಚಕ್ರದ ಗುರುತು ಎಂದರೆ ಅವನ ಕಾರಿನದೇ. ಅವನು ಅದನ್ನು ದಾಟಿಕೊಂಡು ಒಳಗೆ ಹೋದ. ಮಾಲೀಕ ಎದುರಿಗೆ ಓಡಿಬಂದ. ಪೇಟೆಯಲ್ಲಿ ಎಲ್ಲರೂ ಅವನನ್ನು ಹಾಸಿಗೆ ಸಾಹುಕಾರ ಎಂದೇ ಕರೆಯುವುದು. ದುಂಡನೆಯ, ಮಾತಿಗೊಮ್ಮೆ ನಗುವ ಮನುಷ್ಯ. "ಅಯ್ಯೋ, ಹಿಂದ್ಗಡೆ ಯಾಕೆ ಹಾಕಿದ್ರಿ ಸಾರ್, ಮುಂದೆ ಜಾಗ ಮಾಡಿಸ್ತಿದ್ದೆ!" ತಂಪು ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿದ. ಪರಿಶೋಧಕ ತನ್ನ ಪ್ರಶ್ನೆಗಳ ಪಟ್ಟಿ ತೆಗೆದ. ಅರ್ಧ ವರ್ಷದ ಮಾರಾಟ ಹೋದ ಸಲಕ್ಕಿಂತ ಸುಮಾರು ಒಂದೂವರೆ ಪಟ್ಟು ಏರಿದೆಯಲ್ಲ, ಕಾರಣ? "ಜನ ಜಾಸ್ತಿ ಮಲಗ್ತಿದಾರೆ ಸಾರ್," ಎಂದು ಸಾಹುಕಾರ ಹೊಟ್ಟೆ ಕುಣಿಸಿ ನಕ್ಕ. ಅವನೂ ನಕ್ಕು, 'ಬೇಡಿಕೆಯಲ್ಲಿ ಏರಿಕೆ' ಎಂದು ಬರೆದುಕೊಂಡ. ಮುಂದಿನ ಪ್ರಶ್ನೆಗೆ ಹೋದ. ಆ ಪಟ್ಟಿಯಲ್ಲಿ ಹುಲ್ಲಿನ ಬಗ್ಗೆ ಪ್ರಶ್ನೆ ಇರಲಿಲ್ಲ. ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಅದು ಪೂರ್ತಿ ಆಡಿಟ್ ಅಲ್ಲ, ಸೀಮಿತ ಪರಿಶೀಲನೆ. ಮನೆಯ ಪ್ರತಿ ಕೋಣೆಗೆ ಹೋಗಿ ಬೀರು ತೆಗೆದು, ಮಂಚದ ಕೆಳಗೆ ಬಗ್ಗಿ ನೋಡುವುದು ಆಡಿಟ್. ಹೊಸ್ತಿಲಲ್ಲಿ ನಿಂತು "ಎಲ್ಲ ಚೆನ್ನಾಗಿದ್ದೀರಾ?" ಎಂದು ಕೇಳಿ, ಹೋದ ಸಲ ಹೇಗಿದ್ದರೋ ಅದಕ್ಕೆ ಹೋಲಿಸಿ, ಹೊಂದದ್ದು ಕಂಡರೆ ಮತ್ತೊಂದು ಮಾತು ಕೇಳಿ ಹಿಂತಿರುಗುವುದು ಪರಿಶೀಲನೆ. ಗೋದಾಮಿಗೆ ಹೋಗಿ ಎಣಿಸಬೇಕಾಗಿಲ್ಲ, ಕೊಂಡವರಿಗೆ ಪತ್ರ ಬರೆದು ಕೇಳಬೇಕಾಗಿಲ್ಲ. ಕೊನೆಗೆ ಬರೆಯುವ ವಾಕ್ಯವೂ ಹಾಗೆಯೇ, ಹೊಸ್ತಿಲಿನಲ್ಲೇ ನಿಂತ ವಾಕ್ಯ: ಈ ಲೆಕ್ಕಪತ್ರಗಳು ಸರಿಯಿಲ್ಲ ಎಂದು ನಂಬುವಂಥ ಯಾವುದೂ ನಮ್ಮ ಗಮನಕ್ಕೆ ಬಂದಿಲ್ಲ. ಸರಿಯಿದೆ ಎಂದಲ್ಲ. ಸರಿಯಿಲ್ಲ ಎನ್ನಲು ಏನೂ ಕಾಣಲಿಲ್ಲ ಎಂದು. ಇವೆರಡರ ನಡುವೆ ಒಂದು ಲಾರಿ ಹಾಯುವಷ್ಟು ಜಾಗವಿದೆ ಎಂದು ಅವನೇ ಒಮ್ಮೆ ವೃತ್ತಿಯವರ ಸಮ್ಮೇಳನದಲ್ಲಿ ಭಾಷಣ ಮಾಡಿದ್ದ. ಸಾಲ ಕೊಡುವವರು ಆ ಜಾಗವನ್ನು ನೋಡುವುದೇ ಇಲ್ಲ, ನಾವು ಅಂಗೈಯಷ್ಟು ಕೊಟ್ಟರೆ ಅವರು ಮೊಳದಷ್ಟು ಎಂದುಕೊಳ್ಳುತ್ತಾರೆ, ಎಂದಾಗ ಸಭೆ ಚಪ್ಪಾಳೆ ತಟ್ಟಿತ್ತು. ನೆನಪಿನ ಕಾಣಿಕೆಯಾಗಿ ಕೊಟ್ಟ ಗೋಡೆ ಗಡಿಯಾರ ಈಗಲೂ ನಡುಮನೆಯಲ್ಲಿದೆ. ಸ್ವಲ್ಪ ಮುಂದೆ ಓಡುತ್ತದೆ.

ಮೊಬೈಲು ಮೇಜಿನ ಮೇಲೆ ನಡುಗಿತು. ಸಾಲಸಂಸ್ಥೆಯ ಅಧಿಕಾರಿ, ಅವನ ಹಳೆಯ ಶಿಷ್ಯೆ. "ಸರ್, ಹನ್ನೊಂದಕ್ಕೆ ಮರೀಬೇಡಿ. ಹಾಸಿಗೆ ಕಾರ್ಖಾನೆ ಸಾಲ ಇವತ್ತು ಕಮಿಟಿ ಮುಂದೆ ಬರ್ತಿದೆ. ನೀವು ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು." ಹಿಂದೆ ಅವಳು ಅವನ ಕಚೇರಿಯಲ್ಲೇ ಕೆಲಸ ಕಲಿತವಳು. ಎರಡು ಜಡೆ ಹಾಕಿಕೊಂಡು ಬಂದ ಮೊದಲ ವಾರದಲ್ಲೇ ಇಡೀ ಕಚೇರಿ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿತ್ತು. ಈ ರಸೀದಿಯಲ್ಲಿ ಶಾಯಿ ಯಾಕೆ ಬೇರೆ, ಭಾನುವಾರ ಯಾಕೆ ಸಾಮಾನು ಬಂತು, ಈತ ರಜೆಯಲ್ಲಿದ್ದರೆ ಇದಕ್ಕೆ ಸಹಿ ಮಾಡಿದವರು ಯಾರು. ಅವಳ ಬಾಯಿ ಮುಚ್ಚಿಸಲಾಗದೆ ಅವನು ಒಂದು ಪಾಠ ಹೇಳಿಕೊಟ್ಟಿದ್ದ: ಎಲ್ಲ ಪ್ರಶ್ನೆ ಮುಗಿದ ಮೇಲೆ, ಸಹಿಗೆ ಮುಂಚೆ, ಎದ್ದು ಒಂದು ಸುತ್ತು ಓಡಾಡಿ ಬಾ, ಕೂತಲ್ಲಿ ಕಾಣದ್ದು ನಡೆದರೆ ಕಾಣುತ್ತದೆ. ಹೇಳಿದ್ದೇನೋ ಅವಳು ಅರ್ಧ ಗಂಟೆ ಹೊರಗಿರಲಿ ಎಂದು. ಅವಳು ಅದನ್ನು ವೇದವಾಕ್ಯದ ಹಾಗೆ ಹಿಡಿದುಕೊಂಡಳು.

"ಮತ್ತೆ ಆ ದಿಂಬು ಎತ್ಕೊಂಡು ಹೊರಟ್ರಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅದೊಂದು ಬೇರೆ ಕಥೆ. ಆವತ್ತು ಕಾರ್ಖಾನೆಯಿಂದ ಬಂದು ಕಾರಿನ ಹಿಂದಿನ ಬಾಗಿಲು ತೆಗೆದರೆ ಸೀಟಿನ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದಿಂಬು. ಯಾವಾಗ ಇಟ್ಟರೋ, ಅವನಿಗೆ ತಿಳಿಯಲಿಲ್ಲ. ಪರಿಶೀಲನೆ ನಡೆಯುವಾಗ ಗಿರಾಕಿಯಿಂದ ಹುಲ್ಲುಕಡ್ಡಿಯನ್ನೂ ತೆಗೆದುಕೊಳ್ಳುವಂತಿಲ್ಲ. ನಾಳೆ ಕೊಟ್ಟುಬಿಡೋಣ ಎಂದ. ಅಷ್ಟರಲ್ಲಿ ಕತ್ತುನೋವಿನ ಹೆಂಡತಿ ಅದರ ಮೇಲೆ ತಲೆಯಿಟ್ಟು ಬೆಳಗಿನವರೆಗೆ ಮಗುವಿನ ಹಾಗೆ ಮಲಗಿದಳು. "ನಾಳೆ ಕೊಡ್ತೀನಿ ನಾಳೆ ಕೊಡ್ತೀನಿ ಅಂತ ಮೂರು ವಾರ ಆಯ್ತು. ಇವತ್ತೇನು ಇದ್ದಕ್ಕಿದ್ದ ಹಾಗೆ?"

"ಇವತ್ತು ಅವರ ಸಾಲದ ಮೀಟಿಂಗು."

"ಒಂದು ದಿಂಬಿಗೆ ನಿಮ್ಮ ಸಹಿ ಬೀಳುತ್ತೆ ಅಂತಾರಾ? ಅಂದ್ರೆ ಆ ಸಹಿಯ ಬೆಲೆ ಎಷ್ಟು ಅಂತ ನನಗೂ ಗೊತ್ತಾಯ್ತು ಬಿಡಿ." ಅವಳು ದಿಂಬಿನ ಚೀಲ ಬಿಚ್ಚಿ ಇಟ್ಟುಕೊಂಡು, ಬರಿಯ ದಿಂಬನ್ನು ಅವನ ಕೈಗೆ ಕೊಟ್ಟಳು. "ಚೀಲ ನಮ್ಮದು. ಅದಾದ್ರೂ ಇರ್ಲಿ."

ಸಾಲಸಂಸ್ಥೆಯ ಕಟ್ಟಡದ ಗೇಟಿನಲ್ಲಿ ಕಾವಲುಗಾರ ಕಾರಿನ ಕೆಳಗೆ ಕನ್ನಡಿ ತೂರಿಸಿ ನೋಡಿದ, ಡಿಕ್ಕಿ ತೆಗೆಸಿ ನೋಡಿದ, ಹಿಂದಿನ ಸೀಟಿಗೆ ಬಗ್ಗಿದ. "ದಿಂಬು ತಗೊಂಡು ಮೀಟಿಂಗಿಗೆ ಬಂದಿದೀರಾ ಸಾರ್? ಬುದ್ಧಿವಂತರು ನೀವು. ಒಳಗೆ ಹೋದೋರೆಲ್ಲ ಹಾಗೇ ಮಲಗೋದು." ಅವನು ಕಾರನ್ನು ಒಳಗೆ ಬಿಟ್ಟ. ಈ ಕಾವಲುಗಾರ ಕಾರಿನ ಕೆಳಗೂ ನೋಡಿದನಲ್ಲ, ಎಂದು ಮೇಲೆ ಹತ್ತುವಾಗ ಅನ್ನಿಸಿತು. ಹೊಸ್ತಿಲಲ್ಲಿ ನಿಂತು 'ಬಾಂಬು ಇದೆಯೇ' ಎಂದು ಕೇಳಿ, 'ಇಲ್ಲ' ಎಂದರೆ ಬಿಡಬಹುದಿತ್ತು. ಹಾಗೆ ಬಿಟ್ಟ ಕಾವಲುಗಾರನ ಮಾತನ್ನು ನಂಬಿ ಮೇಲಿನ ಮಹಡಿಯವರು ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದರೆ ತಪ್ಪು ಯಾರದು? ಲಿಫ್ಟಿನ ಕನ್ನಡಿಯಲ್ಲಿ ಅವನ ಮುಖ ಅವನಿಗಿಂತ ಮುಂಚೆಯೇ ಕಣ್ಣು ತಪ್ಪಿಸಿತು.

ಕಮಿಟಿಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಸುಮ್ಮನೆ ಉರಿಯುವ ಪ್ರೊಜೆಕ್ಟರು. ಅವನಿಗೆ ಗೋಡೆಗೆ ತಾಗಿದ ಕುರ್ಚಿ ಕೊಟ್ಟರು, ಮೇಜಿನ ಬಳಿಯಲ್ಲ. ದೊಡ್ಡ ಸಾಹೇಬರು ಕಡತ ತಿರುವುತ್ತ, "ಆಡಿಟ್ ಆಗಿದೆಯಲ್ಲ?" ಎಂದರು. ಪ್ರಶ್ನೆಪತ್ರಿಕೆ, "ಆಗಿದೆ ಸರ್, ಅವರೇ ಬಂದಿದ್ದಾರೆ," ಎಂದು ಅವನತ್ತ ಕೈ ತೋರಿಸಿದಳು. ಈಗ ಜಡೆಯಿಲ್ಲ, ಕತ್ತರಿಸಿದ ಕೂದಲು. ಕಿವಿಯ ಬಳಿ ಒಂದೆರಡು ಬಿಳಿ. ಅವನು ಗಂಟಲು ಸರಿಮಾಡಿಕೊಂಡು, "ಅದು ಆಡಿಟ್ ಅಲ್ಲ. ಸೀಮಿತ ಪರಿಶೀಲನೆ," ಎಂದ.

"ಅದೇ ಸ್ವಾಮಿ. ಅಜ್ಜಿ ಅಂದ್ರೂ ಅವಳೇ, ಅವ್ವನ ಅವ್ವ ಅಂದ್ರೂ ಅವಳೇ." ಮೇಜಿನ ಸುತ್ತ ನಗು. "ಅಲ್ಲ, ಸುಮ್ನೆ ಕೇಳ್ತೀನಿ. ಪೂರ್ತಿ ಆಡಿಟ್‌ಗೆ ನೂರು ಮಾರ್ಕ್ಸ್ ಅಂತ ಇಟ್ಕೊಳ್ಳಿ. ನಿಮ್ಮ ಪರಿಶೀಲನೆಗೆ ಎಷ್ಟು ಕೊಡ್ಬಹುದು? ನಾನಾದ್ರೆ ಎಂಬತ್ತು ಕೊಡ್ತೀನಪ್ಪ. ನೀವೇನಂತೀರಿ ಮೇಡಂ?"

"ಬೇರೆಯವರದ್ದಾದ್ರೆ ಅರವತ್ತು ಸರ್," ಎಂದಳು ಅವಳು. "ಇವರ ಸಹಿ ಇದ್ರೆ ತೊಂಬತ್ತು."

"ಕೇಳಿದ್ರಾ? ಈಗ ನೀವು ಹೇಳಿ. ಬೆಳೆದೋರನ್ನೇ ಕೇಳ್ಬೇಕು, ತರಕಾರಿ ಹೆಂಗಿದೆ ಅಂತ."

ಎಲ್ಲ ಕಣ್ಣುಗಳೂ ಗೋಡೆಯ ಕಡೆ ತಿರುಗಿದವು. ಅವನ ಬಳಿ ಒಂದಲ್ಲ, ಎರಡು ಉತ್ತರಗಳಿದ್ದವು. ಗಿರಾಕಿಗೆ ಶುಲ್ಕದ ಬಿಲ್ಲು ಬರೆಯುವಾಗ ಅದು ಎಂಬತ್ತರ ಕೆಲಸ. ಮುಂದೆ ಏನಾದರೂ ಎಡವಟ್ಟಾಗಿ ನ್ಯಾಯಾಲಯದಲ್ಲಿ ನಿಂತರೆ ಅದು ಮೂವತ್ತರ ಕೆಲಸ, ಇನ್ನೂ ಕಡಿಮೆ ಎಂದು ವಾದಿಸಲು ವಕೀಲರಿದ್ದಾರೆ. ಸಾಲ ಕೊಡುವವರಿಗೆ ಓದಲು ಬರುವುದಿಲ್ಲ ಎಂದು ವೃತ್ತಿಯವರೆಲ್ಲ ಚಹಾದ ಹೊತ್ತಿಗೆ ನಗುತ್ತಾರೆ. ಅವರಿಗೆ ಚೆನ್ನಾಗಿ ಓದಲು ಬಂದ ದಿನ ಈ ವರದಿ ಕೊಳ್ಳುವವರೇ ಇರುವುದಿಲ್ಲ ಎಂಬುದನ್ನು ಯಾರೂ ಆಡುವುದಿಲ್ಲ. ಆ ಐವತ್ತು ಅಂಕಗಳ ಸಂದಿಯಲ್ಲೇ ಅವನ ಮನೆ ಕಟ್ಟಿದ್ದು, ಮಕ್ಕಳು ಓದಿದ್ದು. ಬಲಗಾಲಿನ ಹಿಮ್ಮಡಿಯ ಮೇಲೆ ಏನೋ ಚುಚ್ಚಿತು. ಬೀಜ. ಕಾಲಿನ ಮೇಲೆ ಕಾಲು ಹಾಕಿದ್ದರಿಂದ ಮಡಿಕೆ ಒತ್ತಿತ್ತು. ಈಗ ಹೇಳಬಹುದು: ಅಲ್ಲಿ ಹುಲ್ಲು ಬೆಳೆದಿದೆ. ಹೇಳಿದರೆ ಏನಾಗುತ್ತದೆ ಎಂಬುದನ್ನೂ ಕಂಡ. 'ಹುಲ್ಲಾ?' ಎನ್ನುತ್ತಾರೆ ಸಾಹೇಬರು. ಮೇಜು ಮತ್ತೆ ನಗುತ್ತದೆ. ನಗು ನಿಂತ ಮೇಲೆ ಯಾರೋ ಒಬ್ಬರು ಕೇಳುತ್ತಾರೆ, 'ಮತ್ತೆ ಸಹಿ ಹೇಗೆ ಹಾಕಿದಿರಿ?' ಗಿರಾಕಿಯ ಗುಟ್ಟನ್ನು ಮೂರನೆಯವರಿಗೆ ಹೇಳಬಾರದು ಎಂಬ ನಿಯಮವೂ ನೆನಪಾಯಿತು. ಅದು ನಿಜವಾದ ನಿಯಮ. ಬೇಕಾದ ಹೊತ್ತಿಗೆ ಸರಿಯಾಗಿ ನೆನಪಾಯಿತು ಎಂಬುದೂ ನಿಜ.

"ನಮ್ಮಲ್ಲಿ ಮಾರ್ಕ್ಸ್ ಕೊಡೋ ಪದ್ಧತಿ ಇಲ್ಲ," ಎಂದ.

"ಜಾರ್ಕೊಂಡ್ರು ನೋಡಿ!" ಸಾಹೇಬರು ಮೇಜು ಕುಟ್ಟಿ ನಕ್ಕರು. "ಆಯ್ತಮ್ಮ, ನಿಮ್ಮ ಶಿಫಾರಸು ಇದೆ, ಇವರ ಕಾಗದ ಇದೆ. ನಮ್ಮ ಕಡೆಯಿಂದ ಆಯ್ತು. ಸಂಜೆಯೊಳಗೆ ನೀವು ಬಿಡುಗಡೆಗೆ ಸಹಿ ಹಾಕಿ. ನಾಳಿದ್ದು ಒಂದ್ಸಲ ಕಾರ್ಖಾನೆ ಕಡೆ ಹೋಗಿ ಬನ್ನಿ, ಫೋಟೋ ತೆಗೀರಿ, ಕಡತಕ್ಕಿರ್ಲಿ."

ಹಣ ಮೊದಲು, ನೋಡುವುದು ಆಮೇಲೆ. ಅವನ ಕಾಗದ ಇತ್ತಲ್ಲ, ಅದಕ್ಕೆ.

ಕಾರಿಡಾರಿನಲ್ಲಿ ಯಂತ್ರದಿಂದ ಚಹಾ ಹಿಡಿದು ಅವಳು ಅವನಿಗೊಂದು ಲೋಟ ಕೊಟ್ಟಳು. ಹೋದ ವರ್ಷ ಅವಳು ಶಿಫಾರಸು ಮಾಡಿದ ಒಂದು ಸಾಲ ಮುಳುಗಿತ್ತು. ಅದನ್ನು ಅವಳೇ ಹೇಳಿದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. "ಇನ್ನೊಂದು ಹೋದ್ರೆ ನನ್ನನ್ನ ಯಾವ್ದೋ ಮೂಲೆಗೆ ಹಾಕ್ತಾರೆ ಸರ್. ಅದಕ್ಕೇ ನಿಮ್ಮ ಹೆಸರಿನ ವರದಿ ಬಂದ ದಿನ ನಾನು ನೆಮ್ಮದಿಯಾಗಿ ಮಲಗಿದೆ." ಆಮೇಲೆ, ಚಹಾ ಊದುತ್ತ, ತಲೆಯೆತ್ತದೆ, "ಏನೂ ಇಲ್ವಲ್ಲ ಸರ್?" ಎಂದಳು. ಹಳೆಯ ಪ್ರಶ್ನೆಪತ್ರಿಕೆಯ ಪ್ರಶ್ನೆಯಲ್ಲ. ಆ ಪ್ರಶ್ನೆಗಳಿಗೆ ಕೊಕ್ಕೆಯಿರುತ್ತಿತ್ತು. ಇದು ಉತ್ತರ ಗೊತ್ತಿದ್ದು, ಇನ್ನೊಮ್ಮೆ ಕೇಳಿಸಿಕೊಳ್ಳಲು ಕೇಳಿದ್ದು. ಅವನ ಬಾಯಿ ತೆರೆಯಿತು. "ನಮ್ಮ ಗಮನಕ್ಕೆ ಏನೂ ಬಂದಿಲ್ಲ," ಎಂದಿತು.

ಅವಳು ಚಹಾ ಚೆಲ್ಲುವಷ್ಟು ನಕ್ಕಳು. "ಆ ಒಕ್ಕಣೆ ನನಗೂ ಬಾಯಿಪಾಠ ಸರ್! ಎಷ್ಟು ಸಲ ಟೈಪ್ ಮಾಡಿಲ್ಲ ನಿಮ್ಮ ಆಫೀಸಲ್ಲಿ. ಅದನ್ನ ಯಾರು ಓದ್ತಾರೆ? ನಾನು ನೋಡೋದು ಕೆಳಗಡೆ ಸಹಿ ಯಾರದು ಅಂತ."

ಕಾರಿಗೆ ಬಂದು ಕೂತಮೇಲೆ ಕಚೇರಿಗೆ ಹೋಗುವುದೆಂದುಕೊಂಡ. ದಿಂಬು ಹಿಂದೆ ಕೂತಿತ್ತು, ಸವಾರಿಗೆ ಬಂದ ಸಂಬಂಧಿಯ ಹಾಗೆ. ದಿಂಬು ಕೊಟ್ಟು ಬರಬೇಕಲ್ಲ, ಅದಕ್ಕಾಗಿ ಕಾರ್ಖಾನೆ, ಎಂದು ಸ್ಟಿಯರಿಂಗಿಗೆ ಸಮಜಾಯಿಷಿ ಹೇಳಿದ. ದಾರಿಯುದ್ದಕ್ಕೂ ಲೆಕ್ಕ ನಡೆಯಿತು. ಹುಲ್ಲು ನೋಡಿದೆನೇ? ನೋಡಿದೆ. ನೋಡಿದ್ದು ಗಮನಕ್ಕೆ ಬಂದ ಹಾಗೆಯೇ? ಅಲ್ಲ. ಕಣ್ಣಿಗೆ ಬಿದ್ದದ್ದೆಲ್ಲ ಗಮನಕ್ಕೆ ಬಂದಂತಲ್ಲ. ಮದುವೆಯಲ್ಲಿ ನೂರು ಮುಖ ಕಣ್ಣಿಗೆ ಬೀಳುತ್ತವೆ. ಹಾಗಾದರೆ ಹೆಂಡತಿ ಹುಲ್ಲಿನ ತಮಾಷೆ ಮಾಡಿದಾಗ ನಗು ಯಾಕೆ ಉದ್ದವಾಯಿತು? ಕರಡು ಬರೆಯುವಾಗ ಆ ವಾಕ್ಯದ ಹತ್ತಿರ ಬಂದು, ಎದ್ದು ನೀರು ಕುಡಿದು ಬಂದದ್ದು ಯಾಕೆ? ನೀರು ಬೇಕಿರಲಿಲ್ಲ. ಹಾಸಿಗೆ ಎಂಬುದು ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ. ಒಂದೂವರೆ ಪಟ್ಟು ಹಾಸಿಗೆ ಹೊರಗೆ ಹೋಗಬೇಕಾದರೆ ಲಾರಿ ಬರಬೇಕು. ಲಾರಿ ಬಂದರೆ ಹುಲ್ಲು ಸಾಯಬೇಕು. ಕೂಸಿಗೂ ತಿಳಿಯುವ ತರ್ಕ. ತಿಳಿದದ್ದನ್ನು ತಿಳಿಯದ ಹಾಗೆ, ಒಂದು ಪ್ರಶ್ನೆಯ ಆಚೆಗೆ, ಕೈಗೆ ಸಿಗದಷ್ಟು ದೂರದಲ್ಲಿ ಇಟ್ಟುಕೊಳ್ಳುವುದು ಅವನ ವೃತ್ತಿಯ ಕಸುಬುಗಾರಿಕೆ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಗಮನಕ್ಕೆ ಬಂದಂತೆ. ಆದ್ದರಿಂದ ಕೇಳಲಿಲ್ಲ. ಅಷ್ಟೇ ನಡೆದದ್ದು. ಯಾರೂ ಸುಳ್ಳು ಹೇಳಿರಲಿಲ್ಲ.

ಕಾರ್ಖಾನೆಯ ಹಿಂಭಾಗಕ್ಕೆ ಕಾರು ತಿರುಗಿಸಿದ. ಹುಲ್ಲು ಇರಲಿಲ್ಲ.

ಬುಡಮಟ್ಟ ಕತ್ತರಿಸಿದ್ದರು. ಕಟ್ಟೆಯ ಮುಂದೆ ಕೆಂಪು ನೆಲ ಹೊಸದಾಗಿ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಬತ್ತಲಾಗಿತ್ತು. ಮೂಲೆಯಲ್ಲಿ ಒಣಹುಲ್ಲಿನ ರಾಶಿ, ಆಗಷ್ಟೇ ಕತ್ತರಿಸಿದ ವಾಸನೆ ಇನ್ನೂ ಅಲ್ಲೇ ಸುಳಿಯುತ್ತಿತ್ತು. ಕಾರಿನಿಂದ ಇಳಿಯದೆ ನೋಡಿದ. ಎದೆಯೊಳಗೆ ಏನೋ ಸಡಿಲವಾಯಿತು. ಅದು ನೆಮ್ಮದಿ ಎಂದು ಗೊತ್ತಾದಾಗ ಅವನಿಗೆ ತನ್ನ ಬಗ್ಗೆಯೇ ಹೇಸಿಕೆಯಾಯಿತು. ಇನ್ನು ಯಾರು ಬಂದು ಹೇಳಲಿ, ಹುಲ್ಲು ಇತ್ತೆಂದು? ನಾಳಿದ್ದು ಅವಳು ಬರುತ್ತಾಳೆ, ಈ ಚೊಕ್ಕ ನೆಲದ ಫೋಟೋ ತೆಗೆಯುತ್ತಾಳೆ, ಫೋಟೋ ಕಡತಕ್ಕೆ ಹೋಗುತ್ತದೆ. ಆ ರಾಶಿಯೂ ಹೋದ ಮೇಲೆ ಲೋಕದಲ್ಲಿ ಉಳಿಯುವುದು ಒಂದು ಬೀಜ, ಅವನ ಬಲಗಾಲಿನ ಮಡಿಕೆಯಲ್ಲಿ.

"ಅರೆ, ಹೇಳದೆ ಕೇಳದೆ ಬಂದ್ರಲ್ಲ ಸಾರ್!" ಸಾಹುಕಾರ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಬಂದ. "ನೋಡಿ, ಸಾಲ ಕೊಡೋರ ಆಫೀಸಿಂದ ಫೋನ್ ಬಂತು, ನಾಳಿದ್ದು ಬರ್ತಾರಂತೆ, ಕೂಡ್ಲೇ ಸ್ವಲ್ಪ ಚೊಕ್ಕ ಮಾಡಿಸಿದೆ. ಮದುವೆ ಮನೆ ಅಂದ್ಮೇಲೆ ಸುಣ್ಣ ಹೊಡಿಸಬೇಕಲ್ಲ." ಪರಿಶೋಧಕ ದಿಂಬು ಹಿಡಿದು ಕಾರಿನಿಂದ ಇಳಿದ; ಸಾಹುಕಾರನ ಕಣ್ಣು ಅವನ ತೋಳಿನ ಕಡೆ ಹೋಯಿತು. "ಇದೇನು, ದಿಂಬು ವಾಪಸ್ ತಂದಿದೀರಾ! ನಿದ್ದೆ ಬರ್ಲಿಲ್ವಾ?"

"ಚೆನ್ನಾಗಿ ಬಂತು. ಅದಕ್ಕೇ ತಂದೆ."

ಸಾಹುಕಾರ ನಗಬೇಕೋ ಬೇಡವೋ ತಿಳಿಯದೆ ದಿಂಬನ್ನು ಎದೆಗೆ ಅವುಚಿಕೊಂಡು ನಿಂತ. ಪರಿಶೋಧಕ ಕಟ್ಟೆಯ ಮೆಟ್ಟಿಲು ಹತ್ತಿ ಗೋದಾಮಿನ ರೋಲಿಂಗ್ ಶಟರಿನ ಮುಂದೆ ನಿಂತ. "ಇದನ್ನ ಸ್ವಲ್ಪ ತೆಗೆಸ್ತೀರಾ?"

"ಗೋದಾಮಾ? ಎಣಿಸೋದು ನಿಮ್ಮ ಕೆಲಸದಲ್ಲಿ ಬರಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್, ಬರೆದೂ ಕೊಟ್ಟಿದೀರಿ."

"ಬರಲ್ಲ. ಎಣಿಸಲ್ಲ. ತೆಗೀರಿ, ನೋಡ್ತೀನಿ."

"ವರದಿ ಆಗಿಹೋಯ್ತಲ್ಲ?"

"ಆಗಿದೆ."

ಸಾಹುಕಾರನ ಮುಖದಿಂದ ನಗು ಒಮ್ಮೆಲೇ ಹೋಗಲಿಲ್ಲ. ಬಿಸಿಲಿಗೆ ಒದ್ದೆ ನೆಲ ಆರುವ ಹಾಗೆ ಅಂಚಿನಿಂದ ಆರಿತು. ಬೀಗದಕೈ ಎಲ್ಲಿದೆಯೋ ನೋಡಬೇಕು ಎಂದು ಒಳಗೆ ಹೋದ. ಅವನು ಬರುವುದಕ್ಕೆ ಹೊತ್ತು ಹಿಡಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಪರಿಶೋಧಕ ಕಟ್ಟೆಯ ಅಂಚಿಗೆ ಕೂತ. ಕಾಲು ಇಳಿಬಿಟ್ಟ. ಶಟರು ತೆರೆದ ಮೇಲೆ ಫೋನ್ ಮಾಡುವುದು ಸುಲಭ, ಆಗ ಕೈಯಲ್ಲಿ ಕಾರಣವಿರುತ್ತದೆ. ಈಗಷ್ಟೇ ತಿಳಿಯಿತು, ತಿಳಿದ ಕೂಡಲೇ ಹೇಳಿದೆ, ಎನ್ನಬಹುದು. ಹಾಗೆಂದುಕೊಂಡು ಒಂದು ಗಳಿಗೆ ಕೂತಿದ್ದ. ಆ ಒಂದು ಗಳಿಗೆಯೂ ಮತ್ತೊಂದು ಹೊಸ್ತಿಲು ಎನಿಸಿದಾಗ ಮೊಬೈಲು ತೆಗೆದ.

"ಸರ್, ಹೇಳಿ. ಕಡತ ಮುಂದೇನೇ ಇದೆ."

"ಸಹಿ ಹಾಕಿದ್ಯಾ?"

"ಇನ್ನೂ ಇಲ್ಲ. ಒಂದು ಸುತ್ತು ಓಡಾಡಿ ಬಂದೆ. ಈಗ ಹಾಕ್ಬೇಕು." ಹಾಗೆನ್ನುವಾಗ ಅವಳ ದನಿಯಲ್ಲಿ ಸಣ್ಣ ನಗುವಿತ್ತು, ಪಾಠ ಒಪ್ಪಿಸುವ ಮಗುವಿನ ಹಾಗೆ.

"ಹಾಕ್ಬೇಡ. ನನ್ನ ವರದೀನ ವಾಪಸ್ ತಗೋತಿದೀನಿ. ಅದನ್ನ ನಂಬಿ ಏನೂ ಮಾಡ್ಬೇಡಿ. ಇವತ್ತೇ ಬರೆದು ಕಳಿಸ್ತೀನಿ."

ಆಚೆ ಕಡೆ ಪ್ರಿಂಟರಿನ ಸದ್ದು ಕೇಳುತ್ತಿತ್ತು, ನಿಂತಿತು.

"ಏನು ಸಿಕ್ತು ಸರ್?"

"ಏನೂ ಸಿಕ್ಕಿಲ್ಲ. ಒಂದು ಪ್ರಶ್ನೆ ಕೇಳ್ಬೇಕಿತ್ತು. ಕೇಳಿರಲಿಲ್ಲ."

"ಕೇಳ್ಬೇಕು ಅಂತ ಯಾವಾಗಿಂದ ಗೊತ್ತಿತ್ತು?"

ಇದು ಹಳೆಯ ಪ್ರಶ್ನೆಪತ್ರಿಕೆ. ಕೊಕ್ಕೆ ಸರಿಯಾಗಿ ಬಿದ್ದಿತ್ತು. "ಮೊದಲನೇ ದಿನದಿಂದ," ಎಂದ.

"ಬೆಳಿಗ್ಗೆ ನಾನು ಕೇಳಿದ್ದೆ."

"ಹೌದು."

"ತಮಾಷೆ ಅಂದ್ಕೊಂಡು ನಕ್ಕುಬಿಟ್ಟೆ." ಕಡತ ಮುಚ್ಚಿದ ಸದ್ದು. "ಎಲ್ಲರ ಮುಂದೆ ತೊಂಬತ್ತು ಅಂದಿದೀನಿ. ಈಗ ಹೋಗಿ ದೊಡ್ಡ ಸಾಹೇಬರಿಗೆ ಏನು ಹೇಳ್ಲಿ?"

"ಎಷ್ಟು ಮಾರ್ಕ್ಸ್ ಅಂತ ಸಹಿ ಮಾಡಿದೋನಿಗೇ ಗೊತ್ತಿಲ್ಲ ಅಂತ ಹೇಳು. ನನ್ನ ಹೆಸರಲ್ಲೇ ಹೇಳು."

"ಆಯ್ತು. ಬರೆದು ಕಳಿಸಿ," ಎಂದಳು. ಫೋನು ಇಟ್ಟಳು. ಕೊನೆಯ ನಾಲ್ಕೈದು ಮಾತುಗಳಲ್ಲಿ 'ಸರ್' ಇರಲಿಲ್ಲ. ಅದು ಅವನ ಗಮನಕ್ಕೆ ಬಂತು.

ಸಾಹುಕಾರ ಬೀಗದಕೈ ಗೊಂಚಲು ಹಿಡಿದು ಬಂದ. ದಿಂಬು ಇನ್ನೂ ಕಂಕುಳಲ್ಲೇ ಇತ್ತು. ಫೋನಿನ ಮಾತು ಎಷ್ಟು ಕೇಳಿಸಿತ್ತೋ, ಅವನು ಏನನ್ನೂ ಕೇಳಲಿಲ್ಲ. ಬೀಗ ತಿರುಗಿತು, ಶಟರು ಅರ್ಧಕ್ಕೆ ಏರಿ ನಿಂತಿತು, ಏಕೆಂದರೆ ಒಳಗಿನಿಂದ ಏನೋ ಅದಕ್ಕೆ ಒತ್ತಿಕೊಂಡಿತ್ತು. ಇಬ್ಬರೂ ಸೇರಿ ಎತ್ತಿದರು. ಹಾಸಿಗೆಗಳು. ನೆಲದಿಂದ ಚಾವಣಿಯವರೆಗೆ, ಪ್ಲಾಸ್ಟಿಕ್ಕಿನಲ್ಲಿ ಬಿಗಿದವು, ಒಂದರ ಮೇಲೊಂದು, ಬಾಗಿಲವರೆಗೂ. ನಡುವೆ ಒಬ್ಬ ಮನುಷ್ಯ ಓರೆಯಾಗಿಯೂ ನುಗ್ಗುವ ಹಾಗಿರಲಿಲ್ಲ. ಮೇಲಿನ ಒಂದೆರಡು ಹಾಸಿಗೆಗಳು ಆಧಾರ ತಪ್ಪಿ ನಿಧಾನವಾಗಿ ಅವನ ಕಡೆ ವಾಲಿದವು. ಅವನು ಎರಡೂ ಕೈ ಚಾಚಿ ತಡೆಹಿಡಿದ. ಮೆತ್ತಗಿತ್ತು.

"ಇವೆಲ್ಲ ಮಾರಾಟ ಆಗಿರೋವೇ ಸಾರ್," ಎಂದ ಸಾಹುಕಾರ. "ಬಿಲ್ ಆಗಿದೆ. ತಗೊಂಡೋರು ಇಲ್ಲೇ ಇಟ್ಟಿರಿ ಅಂದಿದಾರೆ."

"ಎಷ್ಟು ದಿನದಿಂದ?"

ಸಾಹುಕಾರ ದಿಂಬನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೇ ಕೂತುಬಿಟ್ಟ. "ಹೊಲಿಯೋರು ಎಷ್ಟು ಮನೆಯೋರು ಇದಾರೆ ಗೊತ್ತಾ ಸಾರ್ ಇಲ್ಲಿ? ನಿಲ್ಲಿಸಿ ಅಂತ ಹೆಂಗೆ ಹೇಳ್ಲಿ? ಹೊಲೀತಾ ಹೋದ್ರು, ನಾನು ಬಿಲ್ ಹಾಕ್ತಾ ಹೋದೆ. ಮೂರು ತಿಂಗಳು ಕೊಟ್ಟಿದ್ರೆ ಎಲ್ಲ ಹೋಗಿರೋದು." ಆಮೇಲೆ ತಲೆಯೆತ್ತಿ, ಬೈಗುಳವಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದ: "ಆವತ್ತು ಇಲ್ಲೇ ಕಾರು ನಿಲ್ಲಿಸಿದ್ರಿ. ಆ ಹುಲ್ಲು ನೋಡಿದ್ರಿ. ನಾನು ಎದೆ ಹಿಡ್ಕೊಂಡು ಕೂತಿದ್ದೆ, ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ. ಕೇಳಿದ್ರೆ ಹೇಳಿಬಿಡೋಣ ಅಂತಾನೂ ಇತ್ತು. ನೀವು ಕಾಫಿ ಚೆನ್ನಾಗಿದೆ ಅಂದ್ರಿ. ಯಾಕೆ ಸಾರ್ ಕೇಳ್ಲಿಲ್ಲ?"

ಅವನು ವಾಲಿದ ಹಾಸಿಗೆಗಳನ್ನು ತಳ್ಳಿ ನಿಲ್ಲಿಸಲು ನೋಡಿದ. ಕೈ ಬಿಟ್ಟರೆ ಮತ್ತೆ ವಾಲುತ್ತಿದ್ದವು. ಕೊನೆಗೆ ಸಾಹುಕಾರನೇ ಎದ್ದು ಬಂದು ಹೆಗಲು ಕೊಟ್ಟ; ಇಬ್ಬರೂ ಒಂದಷ್ಟು ಹೊತ್ತು ಹಾಗೇ ಒತ್ತಿ ಹಿಡಿದು ನಿಂತರು.

ಕಚೇರಿಗೆ ಹೋಗಿ ಪತ್ರ ಬರೆದ. ಒಂದು ಸಾಹುಕಾರನಿಗೆ, ಒಂದು ಸಾಲಸಂಸ್ಥೆಗೆ. ಎರಡೂ ಚಿಕ್ಕವು. ಇಷ್ಟು ವರ್ಷಗಳಲ್ಲಿ ಹಾಗೆ ನೇರವಾದ ವಾಕ್ಯಗಳನ್ನು ಬರೆದು ರೂಢಿ ತಪ್ಪಿತ್ತು. ಪ್ರತಿ ವಾಕ್ಯದ ತುದಿಯಲ್ಲೂ ಕೈ ತಾನಾಗಿಯೇ ಒಂದು 'ಆದಾಗ್ಯೂ' ಹುಡುಕುತ್ತಿತ್ತು. ಅವಳಿಂದ ಮರುಪತ್ರ ಬಂತು: ತಲುಪಿದೆ. ಅಷ್ಟೇ. ಅವಳ ಹೆಸರಿನ ಕೆಳಗೆ ಹುದ್ದೆಯಿತ್ತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. "ಕೊಟ್ಟು ಬಂದ್ರಾ?" ಎಂದಳು ಹೆಂಡತಿ, ಕತ್ತು ನೀವಿಕೊಳ್ಳುತ್ತ. ಕೊಟ್ಟೆ ಎಂದ. ಇನ್ನೊಂದು ಕೊಂಡುಕೊಂಡು ಬರೋಣ ಎಂದ. ಎಲ್ಲಾದರೂ ಬೇರೆ ಕಡೆ. ಅವಳು ಅವನ ಮುಖವನ್ನೇ ನೋಡಿ, ಏನೋ ಕೇಳಲು ಹೊರಟು, ಬಿಟ್ಟು, ಒಗೆಯುವ ಬಟ್ಟೆ ಕೊಡಿ ಎಂದಳು. ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಜೇಬು ತಡಕಿದಳು, ಮಡಿಕೆ ಬಿಡಿಸಿದಳು.

"ಅಯ್ಯೋ, ಇಲ್ಲೊಂದು ಉಳಿದುಬಿಟ್ಟಿದೆ ನೋಡಿ. ಅಷ್ಟೊಂದು ಹೆಕ್ಕಿದೆ, ಇದೊಂದು ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ."

"ನನ್ನ ಕಣ್ಣಿಗೆ ಬಿದ್ದಿತ್ತು," ಎಂದ ಅವನು.